ಟಿವಿಗೊಂದು ಕಡ್ಡಿ

2023ರ ನವೆಂಬರ್ ತಿಂಗಳಿನಲ್ಲಿ ನನ್ನ ಸೋದರಮಾವ ಪುಣೆಯಲ್ಲಿ ತೀರಿಕೊಂಡರು. ಅವರು ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಇಪ್ಪತ್ತರ ಪ್ರಾಯದಲ್ಲಿ ಕಾರ್ಖಾನೆಯ ಕೆಲಸಕ್ಕೆಂದು ಹೋದವರು ಅಲ್ಲೇ ನೆಲೆನಿಂತಿದ್ದರು. ಅವ್ವನಿಗೆ ಆಗ ಎಂಬತ್ತಮೂರು ವರ್ಷ. ಕೃಷ್ಣರಾಜನಗರದ ಆಚೆಗಿನ ನಮ್ಮ ಊರಿನಿಂದ ಪುಣೆಗೆ ಆಕೆಯನ್ನು ಕರೆದೊಯ್ಯುವ ಮಾತೇ ಇರಲಿಲ್ಲ. ಮಾವನ ಮಕ್ಕಳು ಅಂತ್ಯಕ್ರಿಯೆಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುತ್ತೇವೆಂದು ಹೇಳಿ ಕೊಂಡಿಯೊಂದನ್ನು ಕಳುಹಿಸಿದ್ದರು. ಈಗ ಎಲ್ಲ ಕುಟುಂಬಗಳಲ್ಲಿಯೂ ಇದು ರೂಢಿಯಾಗಿದೆಯಷ್ಟೆ.

ನಾವು ಅವ್ವನನ್ನು ನಡುಮನೆಯ ಕುರ್ಚಿಯಲ್ಲಿ ಕೂರಿಸಿ, ನನ್ನ ಮೊಬೈಲನ್ನು ಆಕೆಯ ಮುಂದೆ ಹಿಡಿದೆವು. ಆಕೆಯ ಕಣ್ಣಿನ ಒಳಪರದೆಯ ನಡುಭಾಗ ಸವೆದುಹೋಗಿದೆ. ವಯಸ್ಸಾದವರಿಗೆ ಬರುವ ಕಾಯಿಲೆ ಅದು. ಸುತ್ತಲಿನದು ಕಾಣುತ್ತದೆ, ನೇರವಾಗಿ ನೋಡಿದ್ದು ಮಾತ್ರ ಕಾಣುವುದಿಲ್ಲ. ಎದುರಿಗೆ ನಿಂತವರ ಕಿವಿ, ಹೆಗಲುಗಳು ಕಂಡಾವು, ಮುಖವಿರುವ ಜಾಗದಲ್ಲಿ ಒಂದು ಮಸುಕು. ಆದ್ದರಿಂದ ಆಕೆ ಯಾರನ್ನಾದರೂ ನೋಡಬೇಕಾದರೆ ಕತ್ತನ್ನು ಸ್ವಲ್ಪ ಓರೆ ಮಾಡಿಕೊಂಡು ನೋಡುತ್ತಾಳೆ. ಅಂಗೈಯಷ್ಟಗಲದ ಪರದೆಯಲ್ಲಿ ಓರೆಯಾಗಿ ನೋಡಲು ಜಾಗವೆಲ್ಲಿದೆ? ನನ್ನ ಹೆಂಡತಿ ಪಕ್ಕದಲ್ಲಿ ಕುಳಿತು, "ಈಗ ಫಾದರ್ ತೀರ್ಥ ಚಿಮುಕಿಸುತ್ತಿದ್ದಾರೆ, ಈಗ ಮಕ್ಕಳು ಹೂವು ಇಡುತ್ತಿದ್ದಾರೆ" ಎಂದು ಹೇಳುತ್ತಿದ್ದಳು. ಅವ್ವ ತಲೆಯಾಡಿಸುತ್ತಿದ್ದಳು. ಆ ರಾತ್ರಿ ಹಾಸಿಗೆಯ ಮೇಲೆ ಕುಳಿತು ಕೇಳಿದಳು: "ಮುಖ ತೋರಿಸಿದ್ರಾ ಮಗ?"

"ತೋರಿಸಿದರಲ್ಲ ಅವ್ವ" ಎಂದೆ.

"ನಂಗೆ ಕಾಣ್ನಿಲ್ಲ ಕಣಪ್ಪ."

ಆಕೆ ಅಷ್ಟೇ ಹೇಳಿದ್ದು. ಆ ಮಾತನ್ನು ಕೇಳಿದ ಮೇಲೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಅಂತ್ಯಕ್ರಿಯೆಯ ದೃಶ್ಯ ಯೂಟ್ಯೂಬಿನಲ್ಲಿ ಹಾಗೆಯೇ ಉಳಿದಿತ್ತು. ನಮ್ಮ ನಡುಮನೆಯಲ್ಲಿ 2013ರಲ್ಲಿ ಕೊಂಡ ಮೂವತ್ತೆರಡು ಅಂಗುಲದ ಟಿವಿ ಇತ್ತು. ಆ ದೃಶ್ಯವನ್ನು ಈ ಟಿವಿಯ ಮೇಲೆ ತರುವುದು ಹೇಗೆ ಎಂಬುದು ನನ್ನ ಮುಂದಿದ್ದ ಪ್ರಶ್ನೆ. ಒಂದು ದಿನ ಸ್ಕೇಲು ಹಿಡಿದು ಅಳೆದೆ. ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರದ ಎತ್ತರ ಸುಮಾರು 7 ಸೆಂಟಿಮೀಟರ್, ಟಿವಿಯದು 40. ಹತ್ತಿರಕ್ಕೆ ಸ್ಟೂಲು ಹಾಕಿ ಕೂರಿಸಿದರೆ ಅವ್ವ ಓರೆಗಣ್ಣಿನಿಂದಲಾದರೂ ನೋಡಬಲ್ಲಳು ಎನ್ನಿಸಿತು.

ಟಿವಿಯೆಂಬ ವಸ್ತು ನಮ್ಮ ಮನೆಗೆ ತಡವಾಗಿ ಬಂತು. ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾದದ್ದು 1981ರಲ್ಲಿ. 1987ರಲ್ಲಿ ರಾಮಾಯಣ ಧಾರಾವಾಹಿ ಶುರುವಾದಾಗಲೂ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಟಿವಿ. ಭಾನುವಾರದ ಪೂಜೆ ಮುಗಿದೊಡನೆ ಗುಡಿಯ ಮುಂದೆ ಮಾತಿಗೆ ನಿಲ್ಲದೆ ಎಲ್ಲರೂ ಆ ಮನೆಗೆ ಧಾವಿಸುತ್ತಿದ್ದರು. ಅವ್ವನೂ ಅವರಲ್ಲಿ ಒಬ್ಬಳು. ಪ್ರಸಂಗ ಉದ್ದವಾದ ದಿನ ಆಕೆಯ ಚಡಪಡಿಕೆಯನ್ನು ನೋಡಬೇಕಿತ್ತು. ಆಗ ಛಾವಣಿಯ ಮೇಲಿನ ಆಂಟೆನಾ ತಿರುಗಿಸಲು ಬಂದರೆ ಸಾಕಾಗಿತ್ತು. ಈಗ ಟಿವಿಯ ಹಿಂಬದಿಯ ವಿದ್ಯೆಯೇ ಬೇರೆ.

ಹೊಸ ಸ್ಮಾರ್ಟ್ ಟಿವಿ ಕೊಳ್ಳಿರೆಂದವರು ಹಲವರು. ಅದು ನನಗೆ ದುಬಾರಿ ಎನ್ನಿಸಿತು. ನನ್ನದು ನಿವೃತ್ತ ಶಿಕ್ಷಕನ ಪಿಂಚಣಿ. ಅದಲ್ಲದೆ ಚೆನ್ನಾಗಿಯೇ ನಡೆಯುತ್ತಿರುವ ಟಿವಿಯನ್ನು ಮೂಲೆಗೆ ತಳ್ಳಲು ಮನಸ್ಸು ಒಪ್ಪಲಿಲ್ಲ. ಮೊಬೈಲಿನಿಂದ ಟಿವಿಗೆ ನೇರವಾಗಿ ಒಂದು ಕೇಬಲ್ ಹಾಕಿದರೆ ಮುಗಿಯಿತೆಂದು ಇನ್ನೊಬ್ಬರು ಹೇಳಿದರು. ಆರುನೂರು ರೂಪಾಯಿ ಕೊಟ್ಟು ಅದನ್ನೂ ತಂದೆ. ಚಿತ್ರ ಬರಲಿಲ್ಲ. ಚಾರ್ಜು ಮಾಡುವ ತೂತಿನಿಂದಲೇ ಚಿತ್ರವನ್ನೂ ಹೊರಗೆ ಕಳುಹಿಸುವ ಏರ್ಪಾಡು ಕೆಲವು ಮೊಬೈಲುಗಳಲ್ಲಿ ಮಾತ್ರ ಇರುತ್ತದೆ, ಅಗ್ಗದ ಮೊಬೈಲುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಅನಂತರ ಮೈಸೂರಿನ ಅಂಗಡಿಯೊಂದರಲ್ಲಿ ಕಪ್ಪು ಡಬ್ಬಿಯೊಂದನ್ನು ತೋರಿಸಿದರು. ಬೆಲೆ 1,800 ರೂಪಾಯಿ. "ಸಾರ್, ಎಲ್ಲಾ ಸಿನಿಮಾ, ಎಲ್ಲಾ ಚಾನೆಲ್ಲು ಫ್ರೀ" ಎಂದ ಅಂಗಡಿಯ ಹುಡುಗ. ಡಬ್ಬಿಯ ಮೇಲೆ ತಯಾರಕರ ವಿಳಾಸವೇ ಇರಲಿಲ್ಲ. ಕೊಳ್ಳುವಾಗ ಅದು ನನ್ನ ಗಮನಕ್ಕೆ ಬರಲಿಲ್ಲ, ಬೆಲೆಯೊಂದೇ ಕಣ್ಣಿಗೆ ಬಿದ್ದಿತ್ತು. ಮನೆಗೆ ತಂದು ಜೋಡಿಸಿದರೆ ಬಾಣದ ಗುರುತೊಂದು ಪರದೆಯ ಮೇಲೆ ಅಲೆದಾಡುತ್ತಿತ್ತು, ಒತ್ತಿದ ಗುಂಡಿಗೆ ಅರ್ಧ ನಿಮಿಷದ ಮೇಲೆ ಉತ್ತರ ಬರುತ್ತಿತ್ತು, ಕೇಳದ ಜಾಹೀರಾತುಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಹಿಂದಿರುಗಿಸಲು ಹೋದರೆ ತೆಗೆದುಕೊಳ್ಳಲಿಲ್ಲ. ಅದು ನನ್ನ ದುಡುಕಿಗೆ ತೆತ್ತ ದಂಡ. ಇಂತಹ ಹೆಸರಿಲ್ಲದ ಡಬ್ಬಿಗಳ ವಿಷಯದಲ್ಲಿ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಬಹಿರಂಗವಾಗಿ ಎಚ್ಚರಿಕೆ ನೀಡಿತು. ಕೆಲವು ಡಬ್ಬಿಗಳಲ್ಲಿ ಮಾರಾಟಕ್ಕೆ ಮುನ್ನವೇ ದುಷ್ಟ ತಂತ್ರಾಂಶ ಸೇರಿರುತ್ತದೆ, ಮನೆಯ ಇಂಟರ್ನೆಟ್ಟನ್ನು ನಮಗೆ ತಿಳಿಯದಂತೆ ಅಪರಾಧಿಗಳು ಬಳಸಿಕೊಳ್ಳುತ್ತಾರೆ ಎಂಬುದು ಅದರ ಸಾರ. ನನ್ನ ಡಬ್ಬಿಯೊಳಗೆ ಏನಿತ್ತೋ ದೇವರೇ ಬಲ್ಲ. ಅದನ್ನು ಆಗಲೇ ಬಿಚ್ಚಿ ಅಟ್ಟಕ್ಕೆ ಹಾಕಿದ್ದೆ.

ಕೊನೆಗೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗಳಿಗೆ ಫೋನು ಮಾಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಆದರೆ ಪಾಠ ಹೇಳಿ ಬದುಕಿದವನಿಗೆ ಮಕ್ಕಳ ಬಳಿ ಕೇಳುವುದೆಂದರೆ ಒಂದು ಬಗೆಯ ಸಂಕೋಚ. ಅವಳು ಯಾವ ಕಂಪನಿಯ ಹೆಸರನ್ನೂ ಹೇಳದೆ ಪ್ರಶ್ನೆಗಳನ್ನೇ ಕೇಳಿದಳು. "ಮಾವ, ಟಿವಿಯ ಹಿಂಭಾಗದ ಫೋಟೊ ಕಳಿಸಿ. ಮನೆಯಲ್ಲಿ ವೈಫೈ ಇದೆಯಾ, ಮೊಬೈಲ್ ಡೇಟಾ ಮಾತ್ರಾನಾ? ರಿಮೋಟ್ ಹಿಡಿಯೋರು ಯಾರು, ನೀವಾ ಅಜ್ಜೀನಾ?"

ಫೋಟೊದಲ್ಲಿ ಎರಡು ಎಚ್‌ಡಿಎಂಐ ತೂತುಗಳು ಕಂಡವು. ಅದು ನಮ್ಮ ಪುಣ್ಯ. ಹಳೆಯ ಡಬ್ಬಿ ಟಿವಿಯಾಗಿ ಬರಿಯ ಹಳದಿ, ಕೆಂಪು, ಬಿಳಿಯ ತೂತುಗಳಷ್ಟೇ ಇದ್ದಿದ್ದರೆ ನಡುವೆ ಒಂದು ಪರಿವರ್ತಕ ಬೇಕಾಗುತ್ತಿತ್ತು, ಚಿತ್ರವೂ ಮಂಕಾಗಿರುತ್ತಿತ್ತು. ಇಂಟರ್ನೆಟ್ಟಿನ ಲೆಕ್ಕವೇ ದೊಡ್ಡದಾಯಿತು. ಸ್ಪಷ್ಟವಾದ ಎಚ್‌ಡಿ ಚಿತ್ರ ಗಂಟೆಗೆ ಮೂರು ಜಿಬಿಯವರೆಗೂ ನುಂಗಬಲ್ಲದು. ನನ್ನ ಮೊಬೈಲಿಗೆ ದಿನಕ್ಕೆ ಸಿಗುತ್ತಿದ್ದುದು ಒಂದೂವರೆ ಜಿಬಿ. ಆದ್ದರಿಂದ ಫೈಬರ್ ಸಂಪರ್ಕ ತೆಗೆದುಕೊಂಡೆ. 30 ಎಂಬಿಪಿಎಸ್ ವೇಗಕ್ಕೆ ತಿಂಗಳಿಗೆ 399 ರೂಪಾಯಿ, ತೆರಿಗೆ ಸೇರಿ 471. ಎಚ್‌ಡಿ ಚಿತ್ರಕ್ಕೆ ಐದು ಎಂಬಿಪಿಎಸ್ ಸಾಕಾದ್ದರಿಂದ ಇದು ಧಾರಾಳ. ಆದರೆ ವರ್ಷಕ್ಕೆ ಲೆಕ್ಕ ಹಾಕಿ ನೋಡಿ: 5,652 ರೂಪಾಯಿ. ಸಾಧನದ ಬೆಲೆಗಿಂತ ಹೆಚ್ಚು! ಅಗ್ಗದ ಸಾಧನವನ್ನು ಹುಡುಕುವವರು ಈ ಖರ್ಚನ್ನು ಮರೆಯುತ್ತಾರೆ. ನಾನೂ ಮರೆತಿದ್ದೆ.

ಇನ್ನು ಸಾಧನದ ವಿಚಾರ. ಈ ಬಗೆಯ ಅಗ್ಗದ ಕಡ್ಡಿಗಳಿಗೆ ದಾರಿ ಮಾಡಿದ್ದು 2013ರಲ್ಲಿ ಅಮೆರಿಕದಲ್ಲಿ 35 ಡಾಲರಿಗೆ ಬಂದ ಗೂಗಲ್‌ನ ಕ್ರೋಮ್‌ಕಾಸ್ಟ್. ಅದಕ್ಕೆ ರಿಮೋಟೇ ಇರಲಿಲ್ಲ. ಮೊಬೈಲಿನಲ್ಲಿ ಒತ್ತಿದರೆ ಟಿವಿಯಲ್ಲಿ ಬರುತ್ತಿತ್ತು. ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ ನಮ್ಮ ದೇಶಕ್ಕೆ 2017ರಲ್ಲಿ 3,999 ರೂಪಾಯಿಗೆ ರಿಮೋಟಿನೊಡನೆ ಬಂತು. ಶಿಯೋಮಿ, ರಿಯಲ್‌ಮಿ ಮುಂತಾದವರ ಕಡ್ಡಿಗಳು ಆಮೇಲಿನವು. ಕ್ರೋಮ್‌ಕಾಸ್ಟ್ ತಯಾರಿಕೆಯನ್ನು 2024ರಲ್ಲಿ ಗೂಗಲ್ ನಿಲ್ಲಿಸಿಬಿಟ್ಟಿತು. 2025ರ ಮಾರ್ಚ್‌ನಲ್ಲಿ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದದ್ದರಿಂದ ಎರಡನೆಯ ಪೀಳಿಗೆಯ ಕ್ರೋಮ್‌ಕಾಸ್ಟ್‌ಗಳು ಕೆಲವು ದಿನ ಕೆಲಸ ನಿಲ್ಲಿಸಿದ್ದವು, ಅನಂತರ ಕಂಪನಿ ಸರಿಪಡಿಸಿತು. ನಮ್ಮ ಹಳೆಯ ಟಿವಿಗೆ ಇಂತಹ ಭಯವಿಲ್ಲ. ಅದು ಯಾರ ಅನುಮತಿಯನ್ನೂ ಕೇಳದೆ ಉರಿಯುತ್ತದೆ.

'ಫೋರ್ ಕೆ' ಎಂದು ಬರೆದಿರುವ ಕಡ್ಡಿಗಳಿಗೆ ಹೆಚ್ಚು ಹಣ ಕೊಡಬೇಡಿ ಎಂದು ಅಕ್ಕನ ಮಗಳು ತಡೆದಳು. ನಮ್ಮ ಟಿವಿಯ ಪರದೆಯಲ್ಲಿರುವುದು 1366 ಅಡ್ಡ, 768 ಉದ್ದ ಚುಕ್ಕೆಗಳು. ಅದಕ್ಕಿಂತ ನುಣುಪಾದ ಚಿತ್ರವನ್ನು ಕಳುಹಿಸಿದರೂ ಅದು ತೋರಿಸಲಾರದು. ಅದರ ಬದಲು ರ್‍ಯಾಮ್ ಎರಡು ಜಿಬಿ ಇರಲಿ, ಒಂದೇ ಇದ್ದರೆ ಕೆಲವು ತಿಂಗಳಿಗೆ ಏದುಸಿರು ಬಿಡುತ್ತದೆ ಎಂದಳು. ಮುಖ್ಯವಾದ ಸಂಗತಿ ಬೇರೊಂದಿತ್ತು. ಮಾವನ ಅಂತ್ಯಕ್ರಿಯೆಯ ದೃಶ್ಯವನ್ನು ಮಕ್ಕಳು ಎಲ್ಲರಿಗೂ ತೆರೆದಿಟ್ಟಿರಲಿಲ್ಲ. ಕೊಂಡಿ ಇದ್ದವರಷ್ಟೇ ನೋಡಬಹುದು, ಟಿವಿಯಲ್ಲಿ ಹೆಸರು ಬರೆದು ಹುಡುಕಿದರೆ ಸಿಗುವುದಿಲ್ಲ. ಮೊಬೈಲಿನಲ್ಲಿ ಕೊಂಡಿಯನ್ನು ತೆರೆದು ಅಲ್ಲಿಂದ ಟಿವಿಗೆ ಕಳುಹಿಸುವ ಸೌಲಭ್ಯ ಇರಲೇಬೇಕಾಗಿತ್ತು. ಹೀಗೆ ಕಳುಹಿಸುವಾಗ ಮೊಬೈಲು ಚಿತ್ರವನ್ನು ಹೊತ್ತೊಯ್ಯುವುದಿಲ್ಲ. "ಇಂಥದ್ದನ್ನು ತೋರಿಸು" ಎಂದು ಕಡ್ಡಿಗೆ ವಿಳಾಸ ಕೊಟ್ಟು ಸುಮ್ಮನಾಗುತ್ತದೆ, ಕಡ್ಡಿಯೇ ಇಂಟರ್ನೆಟ್ಟಿನಿಂದ ತಂದುಕೊಳ್ಳುತ್ತದೆ. ನಡುವೆ ಯಾರಾದರೂ ಫೋನು ಮಾಡಿದರೂ ಚಿತ್ರ ನಿಲ್ಲದು.

2024ರ ಜನವರಿಯಲ್ಲಿ ಗೂಗಲ್ ಟಿವಿ ವ್ಯವಸ್ಥೆಯಿದ್ದ, ಎರಡು ಜಿಬಿಯ ಒಂದು ಕಡ್ಡಿಯನ್ನು 3,700 ರೂಪಾಯಿಗೆ ತರಿಸಿದೆ. ತಂದ ದಿನ ಅದು ಐದು ನಿಮಿಷಕ್ಕೊಮ್ಮೆ ಆರಿ ಮತ್ತೆ ಹತ್ತಿಕೊಳ್ಳುತ್ತಿತ್ತು. ಮತ್ತೆ ಮೋಸಹೋದೆನೇ ಎಂದು ಎದೆ ಧಸಕ್ಕೆಂದಿತು. ತಪ್ಪು ನನ್ನದೇ. ಟಿವಿಯ ಯುಎಸ್‌ಬಿ ತೂತಿನಿಂದ ಅದಕ್ಕೆ ವಿದ್ಯುತ್ತು ಕೊಟ್ಟಿದ್ದೆ. ಹಳೆಯ ಟಿವಿಗಳ ಆ ತೂತು ಅರ್ಧ ಆಂಪಿಯರ್ ಕೊಡುವಂಥದು, ಕಡ್ಡಿಗೆ ಬೇಕಾದದ್ದು ಅದರ ಎರಡರಷ್ಟು. ಜೊತೆಗೆ ಬಂದಿದ್ದ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಹಾಕಿದ ಮೇಲೆ ಸರಿಹೋಯಿತು. ರಿಮೋಟಿನ ನಡುಗುಂಡಿಯ ಮೇಲೆ ನನ್ನ ಹೆಂಡತಿ ಒಂದು ತುಂಡು ಬಟ್ಟೆಯ ಪ್ಲಾಸ್ಟರ್ ಅಂಟಿಸಿದಳು. ಬೆರಳಿಗೆ ಒರಟು ಸಿಕ್ಕಿದರೆ ಅದೇ ನಿಲ್ಲಿಸುವ, ಹೊರಡಿಸುವ ಗುಂಡಿ. ಅವ್ವ ಅದನ್ನು ಎರಡೇ ದಿನದಲ್ಲಿ ಕಲಿತಳು.

ಆ ಭಾನುವಾರ ಸಂಜೆ ಸ್ಟೂಲನ್ನು ಟಿವಿಯಿಂದ ಮೂರಡಿ ದೂರಕ್ಕೆ ಹಾಕಿ ಅವ್ವನನ್ನು ಕೂರಿಸಿದೆ. ಮೊಬೈಲಿನಲ್ಲಿ ಕೊಂಡಿಯನ್ನು ಒತ್ತಿದೆ. ಪುಣೆಯ ಗುಡಿ ನಮ್ಮ ನಡುಮನೆಯಲ್ಲಿ ತೆರೆದುಕೊಂಡಿತು. ನನ್ನ ಹೆಂಡತಿ ವಿವರಿಸಲು ಬಾಯಿ ತೆರೆದಾಗ ಅವ್ವ ಕೈಯೆತ್ತಿ ಬೇಡವೆಂದಳು. ಕತ್ತನ್ನು ಬಲಕ್ಕೆ ತಿರುಗಿಸಿ, ಎಡಗಣ್ಣಿನ ಅಂಚಿನಿಂದ ನೋಡುತ್ತ ಕುಳಿತಳು. ಕ್ಯಾಮೆರಾ ಪೆಟ್ಟಿಗೆಯ ಹತ್ತಿರಕ್ಕೆ ಹೋದಾಗ ತಾನೇ ನಡುಗುಂಡಿಯನ್ನು ಒತ್ತಿದಳು. ಚಿತ್ರ ನಿಂತಿತು. ಎದ್ದು ಇನ್ನೂ ಹತ್ತಿರ ಹೋದಳು.

"ಮೀಸೆ ಬೋಳಿಸ್ಬುಟ್ಟವ್ರಲ್ಲ" ಎಂದಳು.

ನಿಜ, ಮೀಸೆಯಿರಲಿಲ್ಲ. ಆಸ್ಪತ್ರೆಯಲ್ಲಿ ಕೊಳವೆ ಹಾಕುವಾಗ ತೆಗೆದಿರಬೇಕು. ನಾನು ಆ ದೃಶ್ಯವನ್ನು ಮೂರು ಸಲ ನೋಡಿದ್ದರೂ ಗಮನಿಸಿರಲಿಲ್ಲ. ಅವ್ವ ಬಹಳ ಹೊತ್ತು ಹಾಗೆಯೇ ನಿಂತಿದ್ದಳು. ಆಮೇಲೆ ಬಂದು ಕುಳಿತು, ಗುಂಡಿಯನ್ನು ಒತ್ತಿ, ಕೊನೆಯವರೆಗೂ ನೋಡಿದಳು. ಪ್ರಾರ್ಥನೆಗಳು ಮರಾಠಿಯಲ್ಲಿದ್ದವು, ಆಕೆ ಕನ್ನಡದಲ್ಲಿ ಹೇಳಿಕೊಂಡಳು. ಮಣ್ಣು ಹಾಕುವುದನ್ನು ಕಂಡ ಮೇಲೆ ಅತ್ತಳು. ಎರಡು ತಿಂಗಳಲ್ಲಿ ಆಕೆ ಅತ್ತಿದ್ದನ್ನು ನಾವು ಕಂಡದ್ದು ಅದೇ ಮೊದಲು.

ಈಗ ಆ ಕಡ್ಡಿ ಅವ್ವನದೇ ಆಗಿದೆ. ಮುಂಜಾನೆಯ ಪೂಜೆ, ಹಳೆಯ ಚಿತ್ರಗೀತೆ, ಯಾರದೋ ಮನೆಯ ಅಡುಗೆ, ಎಲ್ಲವೂ ನಡೆಯುತ್ತದೆ. ಜಾಹೀರಾತು ಬಂದಾಗ ಬೈಯುತ್ತಾಳೆ. ಮಳೆಗಾಲದಲ್ಲಿ ಫೈಬರ್ ತಂತಿಯ ಮೇಲೆ ಕೊಂಬೆ ಬಿದ್ದು ಮೂರು ದಿನ ಸಂಪರ್ಕ ಹೋದಾಗ ನನ್ನನ್ನೇ ಬೈದಳು.

2025ರ ಏಪ್ರಿಲ್ 26ರ ಶನಿವಾರ, ಮಧ್ಯಾಹ್ನ ಒಂದೂವರೆಗೆ, ಪೋಪ್ ಫ್ರಾನ್ಸಿಸರ ಅಂತ್ಯಕ್ರಿಯೆಯನ್ನು ನೋಡಲು ಪಕ್ಕದ ಮನೆಯ ಇಬ್ಬರು ಮುದುಕಿಯರು ಬಂದಿದ್ದರು. ಚೌಕದ ನಡುವೆ ಸಾದಾ ಮರದ ಪೆಟ್ಟಿಗೆ, ಅದರ ಮೇಲೆ ಶುಭಸಂದೇಶದ ಪುಸ್ತಕ. ಅವ್ವ ತನ್ನ ಸ್ಟೂಲಿನ ಮೇಲೆ ಓರೆಯಾಗಿ ಕುಳಿತು ಅವರಿಬ್ಬರಿಗೆ ಹೇಳುತ್ತಿದ್ದಳು: "ನನ್ ತಮ್ಮುಂದೂ ಇಂಗೇ ಕಣ್ರವ್ವ, ಬರೀ ಮರದ್ ಪೆಟ್ಗೆ. ನಾನೇ ನೋಡಿವ್ನಿ."