ಹೂವಿಲ್ಲದ ಕೌದಿ

ವಾಸ್ಕೋದಲ್ಲಿ ಬೆಳಗಿನ ರೈಲು ಹತ್ತಿದಾಗ ನಮ್ಮ ಕೈಯಲ್ಲಿದ್ದದ್ದು ಒಂದು ಬಟ್ಟೆ ಚೀಲ ಮಾತ್ರ. ಅದರೊಳಗೆ ಒಂದು ಡಬ್ಬಿ ಕೇಕು, ಅರ್ಧ ಕಿಲೋ ಗೋಡಂಬಿ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಪುಟ್ಟ ಕೌದಿ. ಗೋವಾದಲ್ಲಿ ಹುಟ್ಟಿ ಬೆಳೆದ ನಾವು ಊರ ಕಡೆ ಹೋಗುವಾಗ ಧಾರವಾಡದ ತನಕ ಟಿಕೆಟ್ ತೆಗೆಸುವುದು ರೂಢಿ. ಮುರ್ಗಾಂವ್ ಬಂದರಿನ ಕೆಲಸಕ್ಕೆಂದು ನಮ್ಮ ಅಜ್ಜ ಬಂದದ್ದು ಅಲ್ಲಿಂದಲೇ. ಈ ಸಲ ಮಾತ್ರ ಅಳ್ನಾವರದಲ್ಲೇ ಇಳಿಯಬೇಕಿತ್ತು. ಅಲ್ಲಿಂದ ಬಸ್ಸಿನಲ್ಲಿ ಹಳಿಯಾಳ, ಹಳಿಯಾಳದಿಂದ ಕಾಡಂಚಿನ ಒಂದು ಸಿದ್ದಿ ಕೇರಿ. ಅಲ್ಲಿ ನಮ್ಮ ಮಾವಶಿ ಇದ್ದಾಳೆ.

ಮಾವಶಿ ನಮಗೆ ರಕ್ತಸಂಬಂಧಿಯಲ್ಲ. ಅವ್ವನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ, ಪರಿಚಯದ ಸಿಸ್ಟರೊಬ್ಬರು ಕಳಿಸಿಕೊಟ್ಟ ಹೆಂಗಸು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಒಂದೂವರೆ ವರ್ಷ ಅವ್ವನ ಮೈ ಒರೆಸಿ, ಗಂಜಿ ಕುಡಿಸಿ, ರಾತ್ರಿ ಮಗ್ಗುಲು ತಿರುಗಿಸಿ, ಸಂಜೆ ಜಪಮಾಲೆಗೆ ದನಿಗೂಡಿಸಿದವಳು ಅವಳೇ. ಬರುವಾಗ ಟ್ರಂಕಿನ ಜೊತೆ ತನ್ನದೊಂದು ಕೌದಿ ತಂದಿದ್ದಳು. ಮಳೆಗಾಲದ ಒಂದು ರಾತ್ರಿ ಜ್ವರದಲ್ಲಿ ನಡುಗುತ್ತಿದ್ದ ಅವ್ವನಿಗೆ ನಮ್ಮ ಅಂಗಡಿ ಬ್ಲಾಂಕೆಟ್ ಹೊದಿಸಿದರೂ ಚಳಿ ಬಿಡಲಿಲ್ಲ. ಮಾವಶಿ ತನ್ನ ಕೌದಿ ತಂದು ಹೊದಿಸಿದಳು. ಅಂದಿನಿಂದ ಅವ್ವ ಅದನ್ನು ಬಿಡಲೇ ಇಲ್ಲ. 2023ರ ತಪಸ್ಸುಕಾಲದಲ್ಲಿ ಅವ್ವ ಪ್ರಭುವಿನ ಪಾದ ಸೇರಿದ್ದು ಆ ಕೌದಿಯಡಿಯಲ್ಲೇ.

ಊರಿಗೆ ಹೊರಟಾಗ ನಾವು ಸಂಬಳದ ಜೊತೆ ಇನ್ನಷ್ಟು ಹಣ ಇಟ್ಟು ಕವರು ಕೊಟ್ಟೆವು. ಅವಳು ಎಣಿಸಿ, ತನ್ನ ಸಂಬಳ ತೆಗೆದುಕೊಂಡು, ಉಳಿದದ್ದನ್ನು ಮೇಜಿನ ಮೇಲಿಟ್ಟಳು. “ದುಡಿದಿದ್ದು ಸಾಕ್ರೀ,” ಎಂದಳು. ಕೌದಿಯನ್ನೂ ಒಯ್ಯಲಿಲ್ಲ. “ಅವ್ವನ ಮಂಚದ ಮ್ಯಾಲ ಇರಲಿ,” ಎಂದಳು. ಕೊಡಬೇಕಾದವರು ನಾವು, ಕೊಟ್ಟು ಹೋದವಳು ಅವಳು.

ಆ ವರ್ಷ ಕ್ರಿಸ್ಮಸ್ ಹೊತ್ತಿಗೆ ಫೋನು ಬಂತು. ಮಗಳಿಗೆ ಹೆಣ್ಣು ಮಗು ಹುಟ್ಟಿದೆ, ಜನವರಿ ಕೊನೆಗೆ ದೀಕ್ಷಾಸ್ನಾನ, ಬರಬೇಕು ಎಂದು. ಬೆಳ್ಳಿ ಗೆಜ್ಜೆ ಒಯ್ಯೋಣವೇ, ಅಂಗಡಿ ಫ್ರಾಕೇ ಎಂದು ಮಾತಾಡಿಕೊಳ್ಳುತ್ತಿದ್ದಾಗ ಮಗಳು ಅಂದಳು: “ಅವರು ಅಜ್ಜಿಗೆ ಕೌದಿ ಕೊಟ್ರಲ್ಲ, ನಾವೂ ಪಾಪುಗೆ ಕೌದಿ ಕೊಡೋಣ.”

ಮಾತು ಸುಲಭ. ನಮ್ಮಿಬ್ಬರಲ್ಲಿ ಸೂಜಿ ಹಿಡಿಯಬಲ್ಲವರು ಒಬ್ಬರೇ. ಇನ್ನೊಬ್ಬರಿಗೆ ದಾರ ಪೋಣಿಸಿ ಕೊಡುವ ಕೆಲಸ. ಮಾವಶಿ ಬಿಟ್ಟುಹೋದ ಕೌದಿಯನ್ನೇ ನೆಲಕ್ಕೆ ಹಾಸಿ, ತಿರುವಿ ಮುರುವಿ ನೋಡಿ ಕಲಿತೆವು. ಹಿಂಬದಿಗೆ ಒಂದೇ ಸೀರೆ. ಒಳಗೆ ಹತ್ತಿಯಿಲ್ಲ, ತುಂಡಿನ ಮೇಲೆ ತುಂಡು ಕೂತೇ ದಪ್ಪ ಬಂದಿದೆ. ಹೊಲಿಗೆಯೂ ಸಾದಾ, ಸೂಜಿ ಮೇಲೆ ಕೆಳಗೆ ಹೋಗುವುದಷ್ಟೇ. ಆದರೆ ದಾರಿ ಬೇರೆ. ನಡುವಿನಿಂದ ಶುರುವಾಗಿಲ್ಲ. ಒಂದು ಮೂಲೆಯಲ್ಲಿ ಆರಂಭಿಸಿ, ಅಂಚಿನುದ್ದಕ್ಕೂ ಸುತ್ತು ಬಂದು, ಸುತ್ತಿನೊಳಗೆ ಸುತ್ತು ಸೇರಿ ಕೊನೆಗೆ ನಡುವಿಗೆ ಬಂದು ನಿಂತಿದೆ. ತುಂಡುಗಳನ್ನೂ ಮೊದಲೇ ಜೋಡಿಸಿಟ್ಟಿಲ್ಲ; ಹೋಗುತ್ತ ಹೋಗುತ್ತ ಒಂದರ ಅಂಚನ್ನು ಮಡಚಿ ಇನ್ನೊಂದರ ಪಕ್ಕ ಕೂರಿಸಿದ್ದಾರೆ.

ಮೂರಡಿ ಉದ್ದ, ಎರಡೂವರೆ ಅಡಿ ಅಗಲ ಸಾಕೆಂದುಕೊಂಡೆವು. ಹಿಂಬದಿಗೆ ಅವ್ವನ ನೀಲಿ ಕಾಟನ್ ಸೀರೆ. ಮೇಲೆ ಅವಳದೇ ಎರಡು ಕುಪ್ಪಸ, ಅಪ್ಪನ ಪಟ್ಟೆ ಅಂಗಿ, ಮಗಳ ಚಿಕ್ಕಂದಿನ ಹಳದಿ ಫ್ರಾಕು. ನೈಲಾನು, ರೇಷ್ಮೆ ಬೇಡವೆಂದು ಬದಿಗಿಟ್ಟೆವು. ಸೂಜಿಗೆ ಜಾರುತ್ತವೆ, ಮಗುವಿನ ಮೈಗೂ ಒಗ್ಗುವುದಿಲ್ಲ. ಬಣ್ಣ ಬಿಡುವುದೇ ಎಂದು ಎಲ್ಲವನ್ನೂ ಎರಡು ನೀರಲ್ಲಿ ಒಗೆದು, ಗುಂಡಿ, ಹುಕ್ಕು ಕಿತ್ತು, ದಾರಕ್ಕೆ ಮೇಣದಬತ್ತಿ ಸವರಿ ಕೂತೆವು. ದಿನಕ್ಕೆ ಒಂದು ಸುತ್ತು ಆದರೆ ಹೆಚ್ಚು. ಎರಡು ಸಲ ಬಟ್ಟೆ ಸುಕ್ಕುಗಟ್ಟಿ ಬಿಚ್ಚಬೇಕಾಯಿತು. ಅವ್ವನ ಕುಪ್ಪಸಕ್ಕೆ ಕತ್ತರಿ ಹಾಕಿದ ದಿನ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಕುಳೆಂ ನಿಲ್ದಾಣದಲ್ಲಿ ಘಟ್ಟ ಹತ್ತಿಸಲು ರೈಲಿಗೆ ಇನ್ನೂ ಎಂಜಿನ್ ಜೋಡಿಸಿದರು. ಜನವರಿಯಾದ್ದರಿಂದ ದೂಧ್‌ಸಾಗರ ಬಿಳಿ ನೂಲಿನಷ್ಟು ಸಣಕಲಾಗಿತ್ತು. ಸುರಂಗಗಳ ಕತ್ತಲು ಬೆಳಕಿನ ನಡುವೆ ದಟ್ಟ ಕಾಡು. ಈ ಕಾಡಿನ ಮೇಲೆಯೇ ಅಲ್ಲವೇ ಮಾವಶಿಯ ಹಿರಿಯರು ಓಡಿಹೋದದ್ದು ಎಂದು ಹೊಳೆದದ್ದು ಆಗ.

ಪೋರ್ಚುಗೀಸರು 1510ರಲ್ಲಿ ಗೋವಾ ಗೆದ್ದ ಮೇಲೆ ಪೂರ್ವ ಆಫ್ರಿಕಾದಿಂದ, ಅದರಲ್ಲೂ ಮೊಝಾಂಬಿಕ್ ಕಡೆಯಿಂದ ಜನರನ್ನು ಹಡಗಿನಲ್ಲಿ ತಂದು ಗುಲಾಮರಾಗಿ ಮಾರಿದರು. 1580ರ ದಶಕದಲ್ಲಿ ಗೋವಾದಲ್ಲಿದ್ದ ಲಿನ್‌ಸ್ಕೋಟನ್ ಎಂಬ ಡಚ್ಚನು ಹಳೇ ಗೋವಾದ ಬೀದಿಯಲ್ಲಿ ನಡೆಯುತ್ತಿದ್ದ ಈ ಹರಾಜಿನ ಬಗ್ಗೆ ಬರೆದಿಟ್ಟಿದ್ದಾನೆ. ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾದ ಕಾಡುಗಳಲ್ಲಿ ನೆಲೆ ನಿಂತರು. ಸಿದ್ದಿಗಳೆಲ್ಲರೂ ಇದೇ ದಾರಿಯಲ್ಲಿ ಬಂದವರಲ್ಲ, ಆದರೆ ಬಹಳ ಮಂದಿಯ ಹಿರಿಯರು ಬಂದದ್ದು ಗೋವಾದಿಂದ. ಇಂದು ಅವರಲ್ಲಿ ಕ್ರೈಸ್ತರು, ಹಿಂದೂಗಳು, ಮುಸ್ಲಿಮರು ಎಲ್ಲರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಪ್ರತಿವರ್ಷ ಸಂತ ಫ್ರಾನ್ಸಿಸ್ ಸೇವಿಯರ್ ಹಬ್ಬಕ್ಕೆ ಹಳೇ ಗೋವಾದ ಅದೇ ಬೀದಿಗಳಲ್ಲಿ ನಾವು ನಡೆದಿದ್ದೇವೆ. ಒಂದೂವರೆ ವರ್ಷ ನಮ್ಮ ಮನೆಯಲ್ಲಿದ್ದ ಮಾವಶಿಯನ್ನು ಮಾತ್ರ ನಿಮ್ಮವರು ಎಲ್ಲಿಂದ ಬಂದವರು ಎಂದು ಒಮ್ಮೆಯೂ ಕೇಳಲಿಲ್ಲ.

ಹಂಚಿನ ಮನೆ, ಸಗಣಿ ಸಾರಿಸಿದ ಅಂಗಳ. ಮನೆಯೊಳಗೆ ಕೊಂಕಣಿ, ನಮ್ಮೊಡನೆ ಕನ್ನಡ. ಬಿದಿರಿನ ಗಳದ ಮೇಲೆ ಬಿಸಿಲಿಗೆ ಹಾಕಿದ ನಾಲ್ಕೈದು ಕೌದಿಗಳು. ಇಲ್ಲಿಯವರು ಕವಂದಿ ಎಂದೂ ಅನ್ನುತ್ತಾರೆ. ಒಂದರಲ್ಲಿ ಕೆಂಪು ಬಟ್ಟೆಯ ಶಿಲುಬೆ ಇತ್ತು. ಮುಸ್ಲಿಂ ಮನೆಗಳ ಕೌದಿಯಲ್ಲಿ ಅರ್ಧಚಂದ್ರವೂ ಇರುತ್ತದಂತೆ.

ಚಹಾ ಆದ ಮೇಲೆ ಪತ್ರಿಕೆಯ ಸುತ್ತು ಬಿಚ್ಚಿದೆವು. ಮಾವಶಿ ನೀಲಿ ಸೀರೆಯನ್ನು ಕೂಡಲೇ ಗುರುತಿಸಿದಳು. ಕೈಯಿಂದ ಸವರಿದಳು, ಮಾತಾಡಲಿಲ್ಲ. ನೆರೆಮನೆಯ ಹಿರಿಯಜ್ಜಿ ಮಾತ್ರ ಕೌದಿಯನ್ನು ಎತ್ತಿ ನಾಲ್ಕೂ ಮೂಲೆ ನೋಡಿ ನಕ್ಕುಬಿಟ್ಟಳು. “ಹೂವಾ ಎಲ್ಲೈತಿ? ಹೂವಿಲ್ಲದ ಕೌದಿ ಬತ್ತಲೆ ಇದ್ದಂಗ, ಬಾಯಿ!”

ಆಗ ಗಳದ ಮೇಲಿನ ಕೌದಿಗಳನ್ನು ನೋಡಿದೆವು. ಎಲ್ಲದರ ನಾಲ್ಕು ಮೂಲೆಗಳಲ್ಲೂ ಬಟ್ಟೆಯ ತುಂಡನ್ನು ಮುಕ್ಕೋನವಾಗಿ ಮಡಚಿ, ಒಂದರ ಮೇಲೊಂದಿಟ್ಟು ಹೊಲಿದ ಪುಟ್ಟ ಗೊಂಚಲು. ಫೂಲ ಎನ್ನುತ್ತಾರೆ. ಅದಿಲ್ಲದೆ ಕೌದಿ ಮುಗಿದಂತಲ್ಲ.

“ಮಾವಶಿ, ನಿನ್ನ ಕೌದಿಯಲ್ಲಿ ಇರಲಿಲ್ಲವಲ್ಲ,” ಎಂದೆವು. ಅವಳು ಸ್ವಲ್ಪ ಸಂಕೋಚದಿಂದ ಅಂದಳು: “ಇದ್ದವ್ರೀ. ಒಮ್ಮೆ ನೀವು ಮಷೀನಿಗೆ ಹಾಕಿದ್ರಿ ನೋಡ್ರಿ, ಅವಾಗ ಹರಿದು ಹೋದ್ವು.”

ನಮಗೆ ನೆಲ ನೋಡುವಂತಾಯಿತು. ಅವ್ವನ ಹಾಸಿಗೆ ಬಟ್ಟೆಯ ಜೊತೆ ಅದನ್ನೂ ವಾಷಿಂಗ್ ಮಷೀನಿಗೆ ತುಂಬಿದ್ದು ನಾವೇ. ಮೂಲೆಯಲ್ಲಿ ಉಳಿದ ದಾರದ ಎಳೆಗಳನ್ನು ನೋಡಿದ್ದೂ ನಿಜ. ಏನೆಂದು ಕೇಳಿರಲಿಲ್ಲ. ಅವಳೂ ಅಂದು ಒಂದು ಮಾತು ಆಡಿರಲಿಲ್ಲ.

ಮಧ್ಯಾಹ್ನವೆಲ್ಲ ಅಂಗಳದ ಚಾಪೆಯ ಮೇಲೆ ಕಳೆಯಿತು. ಮಗಳ ಹಳದಿ ಫ್ರಾಕಿನ ಉಳಿದ ತುಂಡು ನಮ್ಮ ಚೀಲದಲ್ಲಿತ್ತು. ಅಜ್ಜಿ ತನ್ನ ಸೀರೆಯ ಕೆಂಪು ಚೂರು ಕೊಟ್ಟಳು. ಮಾವಶಿ ಮೂರು ಹೂವು ಕಟ್ಟಿದಳು. ನಾಲ್ಕನೆಯದನ್ನು ನಮ್ಮ ಕೈಯಲ್ಲೇ ಮಾಡಿಸಿದಳು. ಅದು ಸ್ವಲ್ಪ ಸೊಟ್ಟ. ಮರುದಿನ ಚರ್ಚಿನಲ್ಲಿ ಮಗು ಅದೇ ಕೌದಿಯಲ್ಲಿ ಮಲಗಿ, ಹಣೆಗೆ ನೀರು ಬಿದ್ದಾಗ ಊರಿಗೇ ಕೇಳುವಂತೆ ಅತ್ತಿತು.

ಹೊರಡುವಾಗ ಮಾವಶಿ ಒಂದು ಕಾಗದದ ಪೊಟ್ಟಣ ಕೈಗಿತ್ತಳು. ಒಳಗೆ ಮಡಚಿ ಹೊಲಿದಿಟ್ಟ ನಾಲ್ಕು ಹೂವುಗಳು, ಅವ್ವನ ಮಂಚದ ಮೇಲಿನ ಕೌದಿಗೆ.

ಋಣ ತೀರಿಸಿ ಬರೋಣವೆಂದು ಹೋದ ನಾವು ಇನ್ನಷ್ಟು ಹೊತ್ತು ತಂದೆವು. ಈಗ ಅದರಲ್ಲಿ ಬೇಸರವಿಲ್ಲ. ಓದುಗ ಕುಟುಂಬಗಳೇ, ನಿಮ್ಮ ಮನೆಯ ಹಿರಿಯರನ್ನು ನೋಡಿಕೊಳ್ಳುವ ಕೈಗಳಿಗೆ ಏನು ಕೊಡಬೇಕೆಂದು ತೋಚದಿದ್ದರೆ, ಹಳೆಯ ಸೀರೆಯೊಂದನ್ನು ತೆಗೆದಿಟ್ಟುಕೊಳ್ಳಿ. ಅದಕ್ಕೂ ಮೊದಲು ಅವರ ಪಕ್ಕದಲ್ಲಿ ಕೂತು, ಅವರ ಊರು ಯಾವುದು, ಅಲ್ಲಿ ಹೇಗೆ ಹೊಲಿಯುತ್ತಾರೆ ಎಂದು ಕೇಳಿ. ನಾವು ಕೇಳಲು ಎರಡು ವರ್ಷ ತಡಮಾಡಿದೆವು.

ನಾಲ್ಕು ಹೂವುಗಳನ್ನೂ ಹೊಲಿದಾಗಿದೆ. ಕೌದಿಯನ್ನು ಈಗ ಕೈಯಲ್ಲೇ ಒಗೆಯುತ್ತೇವೆ.