ಕಾರವಾರದ ಕಡಲೂ ಮನೆಯೊಳಗಿನ ರಂಗಮಂದಿರವೂ

ಉತ್ತರದಲ್ಲಿ ಕಾಳಿ ನದಿ, ಪಡುವಣದಲ್ಲಿ ಅರಬ್ಬೀ ಸಮುದ್ರ, ಬೆನ್ನಿಗೆ ಸಹ್ಯಾದ್ರಿಯ ಹಸಿರು ಗುಡ್ಡಗಳು. ಇವುಗಳ ನಡುವಣ ಕಿರಿದಾದ ನೆಲದಲ್ಲಿ ಕಾರವಾರ ನೆಲೆನಿಂತಿದೆ. 1883ರ ಸುಮಾರಿನಲ್ಲಿ ತರುಣ ರವೀಂದ್ರನಾಥ ಠಾಕೂರರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಬಂದು ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಅವರು ರಚಿಸಿದುದು ಈ ಕಡಲ ತಡಿಯಲ್ಲಿಯೇ. ಪ್ರಕೃತಿಯ ಪ್ರತೀಕಾರವೆಂದು ಆ ಹೆಸರಿನ ಅರ್ಥ. ನಾಟಕದ ವಸ್ತು ಬೇರೆಯೇ ಆದರೂ, ಈ ಕರಾವಳಿಯಲ್ಲಿ ಮನೆ ಕಟ್ಟಿ ಬಾಳುವವರಿಗೆ ಪ್ರತಿ ಮಳೆಗಾಲದಲ್ಲಿಯೂ ಆ ಹೆಸರು ನೆನಪಿಗೆ ಬರತಕ್ಕದ್ದು.

ಹೊಸ ಮನೆಗಳ ಹಜಾರದಲ್ಲಿ ಈಗ ಹೊಸದೊಂದು ಆಸೆ ಕಾಣಿಸಿಕೊಂಡಿದೆ. ಗೋಡೆಯ ತುಂಬ ಚಿತ್ರ, ಸುತ್ತಲೂ ಧ್ವನಿ. ಒಂದು ಗುಂಡಿಯನ್ನು ಒತ್ತಿದೊಡನೆ ದೀಪ ಮಂಕಾಗಬೇಕು, ಪರದೆ ಇಳಿಯಬೇಕು, ಸ್ಪೀಕರುಗಳು ಎಚ್ಚರಗೊಳ್ಳಬೇಕು. ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಕೊಲ್ಲಿ ದೇಶದಲ್ಲಿಯೋ ದುಡಿಯುವ ಮಗ ರಜೆಯಲ್ಲಿ ಬಂದು ಇದನ್ನು ಜೋಡಿಸುತ್ತಾನೆ. ರಜೆ ಮುಗಿದೊಡನೆ ಹೊರಟುಹೋಗುತ್ತಾನೆ. ಆಮೇಲೆ ಅದನ್ನು ನಡೆಸಬೇಕಾದವರು ವಯಸ್ಸಾದ ತಾಯಿತಂದೆಗಳು. ಕೊಂಡವನು ಒಬ್ಬ, ಕೇಳುವವರು ಇನ್ನೊಬ್ಬರು. ಆಯ್ಕೆಯ ಕಷ್ಟವೆಲ್ಲ ಇಲ್ಲಿಯೇ ಅಡಗಿದೆ.

ಮೊದಲು ಕಡಲಿನ ಮಾತು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಮಳೆಯಾಗುವುದುಂಟು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಬಿಡುತ್ತದೆ. ಗಾಳಿಯಲ್ಲಿ ತೇವವಷ್ಟೇ ಅಲ್ಲ, ಉಪ್ಪೂ ಇರುತ್ತದೆ. ಕಿಟಕಿಯ ಸರಳನ್ನು ತಿನ್ನುವ ಆ ಗಾಳಿಯೇ ತಾಮ್ರದ ತಂತಿಯ ತುದಿಗೆ ಹಸುರು ಕಿಲುಬನ್ನು ಹಿಡಿಸುತ್ತದೆ. ಆದುದರಿಂದ ದೋಣಿ ಹಡಗುಗಳಲ್ಲಿ ಬಳಸುವಂಥ, ತವರ ಲೇಪಿಸಿದ ತಾಮ್ರದ ತಂತಿ ಇಲ್ಲಿಗೆ ಒಗ್ಗುತ್ತದೆ. ಸ್ಪೀಕರಿನ ಅಂಚಿಗೆ ಸ್ಪಂಜಿನ ಬಳೆಯಿದ್ದರೆ ಅದು ತೇವದ ಹವೆಯಲ್ಲಿ ಬೇಗನೆ ಪುಡಿಯಾಗುತ್ತದೆ. ರಬ್ಬರಿನ ಬಳೆ ಹೆಚ್ಚು ಕಾಲ ಬಾಳುತ್ತದೆ. ಆಂಪ್ಲಿಫೈಯರನ್ನು ಕಪಾಟಿನೊಳಗೆ ಮುಚ್ಚಿಡುವುದು ಸಲ್ಲದು. ಗಾಳಿಯಾಡುವ ಹಲಗೆಯ ಮೇಲೆ, ಹೊರಗೋಡೆಯಿಂದ ನಾಲ್ಕು ಬೆರಳು ದೂರವಿರಿಸಬೇಕು. ಮಳೆಗಾಲದಲ್ಲಿ ಅದನ್ನು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ನಡೆಸುವುದೂ ಹಿತ. ಅದರ ಬಿಸಿಯೇ ಅದರ ತೇವಕ್ಕೆ ಮದ್ದು.

ಕಾರವಾರದಿಂದ ದಕ್ಷಿಣಕ್ಕೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 66 ಬಿಣಗಾದ ಬಳಿ ಸುರಂಗವನ್ನು ಹೊಗುತ್ತದೆ. ಹೊರಗೆ ಗಾಳಿಯಲ್ಲಿ ಚದುರಿಹೋಗುತ್ತಿದ್ದ ಬಸ್ಸಿನ ಸದ್ದು ಒಳಹೊಕ್ಕೊಡನೆ ಗೋಡೆಯಿಂದ ಗೋಡೆಗೆ ಮರಳಿ, ನಾಲ್ಕು ಬಸ್ಸುಗಳು ಒಟ್ಟಿಗೆ ಓಡಿದಂತೆ ಗುಂಯ್‌ಗುಡುತ್ತದೆ. ಬಸ್ಸು ಅದೇ, ಬದಲಾದುದು ಸುತ್ತಣ ಗೋಡೆ. ಬರಿಯ ಗಾರೆಯ ಗೋಡೆ, ನುಣುಪು ಟೈಲ್ಸಿನ ನೆಲ, ಅಗಲವಾದ ಗಾಜಿನ ಕಿಟಕಿಗಳಿರುವ ಹಜಾರವೂ ಒಂದು ಸಣ್ಣ ಸುರಂಗವೇ. ಎಷ್ಟೇ ಬೆಲೆಯ ಸ್ಪೀಕರನ್ನು ಅಲ್ಲಿ ತಂದಿಟ್ಟರೂ ಮಾತು ಕಲಸಿಹೋಗುವುದು ತಪ್ಪದು. ದಪ್ಪ ಪರದೆ, ನೆಲಕ್ಕೊಂದು ಜಮಖಾನೆ, ಗೋಡೆಯುದ್ದಕ್ಕೂ ಪುಸ್ತಕದ ಕಪಾಟು—ಇವುಗಳಿಗೆ ವ್ಯಯ ಮಾಡಿದ ಹಣ ಯಂತ್ರಕ್ಕೆ ವ್ಯಯ ಮಾಡಿದುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಮುಂದೆ ಅರ್ಗಾದಲ್ಲಿ ನೌಕಾಪಡೆಯ ‘ಕದಂಬ’ ನೆಲೆ. ಅದನ್ನು ದಾಟಿದರೆ ಅಮದಳ್ಳಿ, ಅವರ್ಸಾ. ಗದ್ದೆ ತೆಂಗುಗಳ ನಡುವೆ ಚಿರೆಕಲ್ಲಿನ ಹಳೆಯ ಮನೆಗಳು ಇನ್ನೂ ಉಳಿದಿವೆ. ಗೇಣುದ್ದಕ್ಕೂ ಮೀರಿದ ದಪ್ಪದ ಗೋಡೆ, ಮೇಲೆ ಇಳಿಜಾರಾದ ಹೆಂಚಿನ ಮಾಡು. ಆ ಗೋಡೆ ಬಿಸಿಲನ್ನು ತಡೆಯುವಂತೆ ವೈಫೈ ಅಲೆಯನ್ನೂ ತಡೆಯುತ್ತದೆ. ಜಗಲಿಯಲ್ಲಿಟ್ಟ ರೌಟರಿನ ಆಜ್ಞೆ ಒಳಕೋಣೆಯನ್ನು ಮುಟ್ಟುವ ಭರವಸೆಯಿಲ್ಲ. ಇಂಥ ಮನೆಯಲ್ಲಿ ಆಂಪ್ಲಿಫೈಯರಿಗೆ ನೆಟ್‌ವರ್ಕಿನ ತಂತಿಯನ್ನೇ ಎಳೆಯುವುದು ಲೇಸು. ಛಾವಣಿಗೆ ಧ್ವನಿಯನ್ನು ಚಿಮ್ಮಿಸಿ ಮೇಲಿನಿಂದ ಕೇಳಿಸುವಂತೆ ಮಾಡುವ ಡಾಲ್ಬಿ ಅಟ್ಮಾಸ್ ಸ್ಪೀಕರುಗಳೂ ಇಲ್ಲಿ ಹೊಂದವು. ಅವಕ್ಕೆ ಸಮತಟ್ಟಾದ ಛಾವಣಿ ಬೇಕು. ಆಷಾಢದ ಮಳೆ ಮಾಡಿನ ಮೇಲೆ ಬಡಿಯುವಾಗ ಮನೆಯವರಿಗೆ ಬೇಕಾದುದು ಮೇಲಿನಿಂದ ಬರುವ ಮತ್ತೊಂದು ಸದ್ದಲ್ಲ, ಸ್ಫುಟವಾದ ಮಾತು. ಮಾತು ಬಹುತೇಕ ನಡುವಣ ಸ್ಪೀಕರಿನಿಂದ ಹೊರಡುವುದರಿಂದ ಅದೊಂದನ್ನು ಉತ್ತಮವಾದುದನ್ನೇ ಕೊಳ್ಳಬೇಕು.

ವಿದ್ಯುತ್ತಿನ ವಿಷಯದಲ್ಲಿ ಈ ಸೀಮೆಯದು ವಿಚಿತ್ರ ಭಾಗ್ಯ. ಕಾರವಾರ ತಾಲೂಕಿನ ಕೈಗಾದಲ್ಲಿ 220 ಮೆಗಾವಾಟಿನ 4 ಅಣುವಿದ್ಯುತ್ ಘಟಕಗಳಿವೆ. ಕಾಳಿಯ ನೀರಿನಿಂದಲೂ ವಿದ್ಯುತ್ತು ಹುಟ್ಟುತ್ತದೆ. ಆದರೂ ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಊರಿಗೆ ಊರೇ ಕತ್ತಲಾಗುತ್ತದೆ. ಮುಂಗಾರಿಗೆ ಮುನ್ನಿನ ಸಿಡಿಲಂತೂ ಮನೆಯ ಯಂತ್ರಗಳಿಗೆ ನೇರ ಶತ್ರು. ಒಳ್ಳೆಯ ಅರ್ಥಿಂಗ್, ಮುಖ್ಯ ಫಲಕದಲ್ಲಿ ಸಿಡಿಲು ತಡೆಯುವ ಸಾಧನ, ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡುವ ಅಭ್ಯಾಸ—ಮೂರೂ ಬೇಕು. ಇನ್ವರ್ಟರು ಸೈನ್ ವೇವ್ ಬಗೆಯದಾಗಿರಲಿ; ಇಲ್ಲವಾದರೆ ಹಾಡಿನೊಡನೆ ಜೀರುಂಡೆಯ ಗೊಯ್‌ಗುಡುವಿಕೆಯನ್ನೂ ಕೇಳಬೇಕಾದೀತು.

ವಿದ್ಯುತ್ತು ಮರಳಿದರೂ ಅಂತರ್ಜಾಲ ಮರಳಲಾರದು. ಕೈಯಲ್ಲಿರುವ ಫೋನಿನ ಆಜ್ಞೆ ಸಾಗರದಾಚೆಯ ಕಂಪನಿಯ ಕಂಪ್ಯೂಟರಿಗೆ ಹೋಗಿ ಮರಳಿದರೆ ಮಾತ್ರ ದೀಪ ಹತ್ತುವ ಏರ್ಪಾಡಾದರೆ, ಆ ಸಂಜೆ ಮನೆ ಮೂಕವಾಗಿ ಕೂರುತ್ತದೆ. ಆದುದರಿಂದ ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ: ಅಂತರ್ಜಾಲವಿಲ್ಲದೆ ಇದು ಮನೆಯೊಳಗಿನ ಆಜ್ಞೆಗೆ ಮಣಿಯುವುದೇ? 2022ರಲ್ಲಿ ಬಂದ ‘ಮ್ಯಾಟರ್’ ಎಂಬ ಒಪ್ಪಂದದ ಪ್ರಕಾರ ಬೇರೆ ಬೇರೆ ಕಂಪನಿಗಳ ದೀಪ, ಪ್ಲಗ್ಗುಗಳು ಮನೆಯ ಒಳಜಾಲದಲ್ಲಿಯೇ ಪರಸ್ಪರ ಮಾತನಾಡಬಲ್ಲವು. ಆದರೆ ಆಂಪ್ಲಿಫೈಯರುಗಳೆಲ್ಲ ಅದನ್ನು ಒಪ್ಪಿವೆಯೆಂದು ತಿಳಿಯಬಾರದು. ಮನೆಯ ಜಾಲದ ಮೂಲಕ ನೇರವಾಗಿ ಆಜ್ಞೆ ಸ್ವೀಕರಿಸುವ ಮಾದರಿಯನ್ನು ಹುಡುಕಬೇಕು. 2013ರಲ್ಲಿ ಆರಂಭವಾದ ‘ಹೋಮ್ ಅಸಿಸ್ಟೆಂಟ್’ನಂಥ ಉಚಿತ ತಂತ್ರಾಂಶವನ್ನು ಮನೆಯಲ್ಲಿಯೇ ಒಂದು ಪುಟ್ಟ ಕಂಪ್ಯೂಟರಿನಲ್ಲಿ ನಡೆಸಿ ಎಲ್ಲವನ್ನೂ ಕೂಡಿಸಬಹುದು. ಇಷ್ಟೆಲ್ಲ ಬೇಡವೆನ್ನುವವರಿಗೆ ಎಚ್‌ಡಿಎಂಐ ತಂತಿಯೊಂದೇ ಸಾಕು: ಟಿ.ವಿ. ಹಚ್ಚಿದರೆ ಆಂಪ್ಲಿಫೈಯರು ತಾನೇ ಎಚ್ಚರಗೊಳ್ಳುತ್ತದೆ, ಟಿ.ವಿ.ಯ ರಿಮೋಟಿನಿಂದಲೇ ಧ್ವನಿ ಏರಿಳಿಯುತ್ತದೆ.

ಕಾರವಾರದಿಂದ ಸುಮಾರು 35 ಕಿಲೋಮೀಟರಿಗೆ ಅಂಕೋಲೆ. ಉಪ್ಪಿನ ಸತ್ಯಾಗ್ರಹದ ಊರು, ದಿನಕರ ದೇಸಾಯಿಯವರ ಚುಟುಕಗಳ ಊರು. ಇಲ್ಲಿಯ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಇನ್ನು ಆ ಕಂಠವನ್ನು ಧ್ವನಿಮುದ್ರಣದಲ್ಲಿಯೇ ಕೇಳಬೇಕು. ಅಂಗಡಿಯವನು ಸಿನಿಮಾದ ಸ್ಫೋಟವನ್ನು ಕೇಳಿಸಿ ಗಿರಾಕಿಯನ್ನು ಬೆರಗುಗೊಳಿಸುತ್ತಾನೆ. ಸ್ಫೋಟ ಹೇಗಿರಬೇಕೆಂದು ಬಲ್ಲವರು ಯಾರು? ಹಾಲಕ್ಕಿಯವರ ಗುಮಟೆಯ ಮಣ್ಣಿನ ಗಡಿಗೆಯ ದನಿ, ಯಕ್ಷಗಾನದ ಚಂಡೆಯ ಪೆಟ್ಟು, ಮದ್ದಲೆಯ ಗುಂಭ, ಭಾಗವತರ ಏರುಕಂಠ—ಇವು ಹೇಗಿರಬೇಕೆಂದು ಈ ಸೀಮೆಯ ಅಜ್ಜ ಅಜ್ಜಿಯರು ಬಲ್ಲರು. ಅಂಗಡಿಗೆ ಅವರನ್ನು ಕರೆದುಕೊಂಡು ಹೋಗುವುದು ಲೇಸು. ಚಂಡೆ ಕಿವಿಯನ್ನು ಚುಚ್ಚದೆ ಖಣಿಲೆನ್ನಬೇಕು; ಹಾಡಿನ ಪ್ರತಿ ಅಕ್ಷರವೂ ಕೇಳಬೇಕು. ಆ ಪರೀಕ್ಷೆಯಲ್ಲಿ ಗೆದ್ದ ಸಾಧಾರಣ ಬೆಲೆಯ ಜೋಡಿಯೇ ಮನೆಗೆ ಯೋಗ್ಯ.

ಮತ್ತೊಂದು ಪರೀಕ್ಷೆ ಉಳಿದಿದೆ. ಎಲ್ಲವನ್ನೂ ಜೋಡಿಸಿದ ಮೇಲೆ ಮಗನು ತನ್ನ ಫೋನನ್ನು ಬದಿಗಿಟ್ಟು, ಅಂತರ್ಜಾಲದ ತಂತಿಯನ್ನು ಕಿತ್ತು, ತಾಯಿಯ ಕೈಗೆ ರಿಮೋಟನ್ನು ಕೊಟ್ಟು ಸುಮ್ಮನೆ ಕೂರಬೇಕು. ಆಕೆ ಯಾರನ್ನೂ ಕೇಳದೆ ದೀಪ ಹಚ್ಚಿ, ಹಾಡು ಹಾಕಿ, ಧ್ವನಿ ತಗ್ಗಿಸಿ, ಆರಿಸಬಲ್ಲಳಾದರೆ ಆಯ್ಕೆ ಸಫಲವಾಯಿತು. ಗೋಡೆಯ ಮೇಲಿನ ಹಳೆಯ ಸ್ವಿಚ್ಚುಗಳನ್ನು ಮಾತ್ರ ತೆಗೆಯಕೂಡದು. ಮಗ ದೂರದೇಶದಲ್ಲಿದ್ದಾಗ, ಮಳೆ ಭೋರ್ಗರೆಯುವ ರಾತ್ರಿಯಲ್ಲಿ, ಆ ಮನೆಯವರಿಗೆ ಬೆಳಕು ಕೊಡತಕ್ಕವು ಅವೇ.