ಮಳವಳ್ಳಿ ಸೀಮೆಯ ಮದುವೆಯಲ್ಲಿ ಒಂದು ಪಟ

ಪಟ ತೆಗೆಯುವ ಹವ್ಯಾಸವುಳ್ಳ ನಮ್ಮಂಥವರಿಗೆ ಕಾರ್ತಿಕಮಾಸವು ಬಹು ಪ್ರಿಯವಾದುದು. ಮಳೆ ಹಿಂದೆಗೆದು ಆಕಾಶವು ತೊಳೆದಿಟ್ಟಂತಿರುತ್ತದೆ. ಉತ್ಥಾನದ್ವಾದಶಿ ಕಳೆಯುತ್ತಲೇ ಮದುವೆಯ ಲಗ್ನಗಳೂ ತೊಡಗುತ್ತವೆ. ಕಳೆದ ವರ್ಷ ಆ ಮಾಸದ ಕೊನೆಯಲ್ಲಿ ಮಳವಳ್ಳಿಯ ಕಡೆಯ ಹಳ್ಳಿಯೊಂದರಲ್ಲಿ ಮಿತ್ರರೊಬ್ಬರ ಮಗಳ ಮದುವೆ. ಪಟಗಳ ಭಾರವು ನಮ್ಮ ಮೇಲೆ ಬಿದ್ದಿತು.

ಬೆಂಗಳೂರಿನಿಂದ ರೈಲಿನಲ್ಲಿ ಹೊರಟು ಮದ್ದೂರಿನಲ್ಲಿ ಇಳಿದೆವು. ಆ ಊರಿನ ವಡೆಯನ್ನು ತಿನ್ನದೆ ಮುಂದೆ ಹೋಗುವುದು ಪದ್ಧತಿಯಲ್ಲ. ನಾವೂ ಪದ್ಧತಿಯನ್ನು ಮುರಿಯಲಿಲ್ಲ. ಅಲ್ಲಿಂದ ಮುಂದೆ ಮಳವಳ್ಳಿಯ ದಾರಿ. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯು ಕನ್ನಂಬಾಡಿಯ ನೀರನ್ನು ಈ ಸೀಮೆಗೆ ತಂದಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪನಿ ಹುಟ್ಟಿತು. ಅಂದಿನಿಂದ ಕಬ್ಬು ಇಲ್ಲಿಯ ಸಿರಿಯಾಯಿತು. ದಾರಿಯುದ್ದಕ್ಕೂ ಕಬ್ಬಿನ ಸೂಲಂಗಿಗಳು ಎಳೆಬಿಸಿಲಿನಲ್ಲಿ ಬೆಳ್ಳಿಯ ಚಾಮರಗಳಂತೆ ತೂಗುತ್ತಿದ್ದುವು.

ಮದುವೆಯು ಛತ್ರದಲ್ಲಿ ಅಲ್ಲ, ತೆಂಗಿನ ತೋಟದ ನಡುವಣ ಮನೆಯಂಗಳದಲ್ಲಿ. ಹಾಲುಗಂಬ, ಬಾಳೆಕಂದು, ಹಸಿಗರಿಯ ಚಪ್ಪರ. ಕಣ್ಣಿಗೆ ಅದು ಹಬ್ಬ; ಕ್ಯಾಮೆರಾಕ್ಕೆ ಮಾತ್ರ ಸಂಕಟ. ಗರಿಗಳ ಸಂದಿನಿಂದ ಬಿಸಿಲು ಕಾಸುಕಾಸಾಗಿ ಉದುರಿ, ಮದುವಣಗಿತ್ತಿಯ ಒಂದು ಕೆನ್ನೆ ಉರಿಯುತ್ತಿದ್ದರೆ ಇನ್ನೊಂದು ಕತ್ತಲಲ್ಲಿತ್ತು. ದಾರೆಯ ಜಾಗವನ್ನು ಸರಿಸಿರೆಂದು ಕೇಳುವುದುಂಟೆ? ಬಿಳಿಯ ಪಂಚೆಯೊಂದನ್ನು ಬೇಡಿ ಚಪ್ಪರದ ಮೇಲೆ ಹಾಸಿಸಿದೆವು. ಬಿಸಿಲು ಅದರಲ್ಲಿ ಸೋಸಿ ಹಾಲಿನಂತೆ ಇಳಿಯಿತು. ಇದೇ ತಾಲ್ಲೂಕಿನ ಅಂಚಿನ ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದಿತ್ತು. ನಮಗೆ ಅಂದು ಬೇಕಾದ ಬೆಳಕನ್ನು ಕೊಟ್ಟುದು ಒಂದು ಹಳೆಯ ಪಂಚೆ.

ದಾರೆಯಾಯಿತು. ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ನಮ್ಮ ಪಟ್ಟಿಯಲ್ಲಿದ್ದ ನಂಟರನ್ನು ಎಣಿಸಿ, ಎಲ್ಲವೂ ಸರಿಯಾಯಿತೆಂದುಕೊಂಡೆವು. ಆಗ ಮದುವಣಗಿತ್ತಿಯು, "ಅಜ್ಜಿ ಎಲ್ಲಿ?" ಎಂದಳು. ಅಜ್ಜಿ ಬಾಗಿಲ ಪಕ್ಕೆಯಲ್ಲಿ, ಅರ್ಧ ಮುಖವನ್ನು ಸೆರಗಿನಲ್ಲಿ ಮುಚ್ಚಿ ನಿಂತಿದ್ದರು. ಆ ಮಗುವನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಮುಂಜಾನೆಯಿಂದಲೂ ಅವರು ಅಲ್ಲಿಯೇ ಇದ್ದರು. ಬೆಳಕನ್ನು ಅಷ್ಟು ಹುಡುಕಿದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

"ಸುಮ್ಕಿರು ಮಗಾ, ಗಂಡ ಸತ್ತೋಳು ಒಳ್ಳೆ ಕೆಲಸದಲ್ಲಿ ಮುಂದೆ ಬರಬಾರ್ದು" ಎಂದರು ಅಜ್ಜಿ. ಹಿರಿಯರೊಬ್ಬರು ಗಂಡಿನ ಕಡೆಯವರತ್ತ ನೋಡಿ ಗಂಟಲು ಸರಿಮಾಡಿಕೊಂಡರು. ಅಂಗಳವು ನಿಶ್ಶಬ್ದವಾಯಿತು. ನಮಗೂ ಬಾಯಿ ಬರಲಿಲ್ಲ. ಆಗ ವರನ ತಾಯಿಯೇ ಕುರ್ಚಿಯೊಂದನ್ನು ಎಳೆದು ವಧೂವರರ ನಡುವೆ ಇಟ್ಟು, "ಬನ್ನಿ ಅವ್ವಾ, ಕೂತ್ಕಳಿ. ನೀವು ಸಾಕಿದ ಕೂಸನ್ನಲ್ಲವಾ ನಾವು ಕರ್ಕೊಂಡು ಹೋಗೋದು?" ಎಂದರು. ಅಜ್ಜಿ ಬಂದು ಕುಳಿತರು. ಮೊಮ್ಮಗಳು ಸೆರಗನ್ನು ಹಿಂದಕ್ಕೆ ಸರಿಸಿದಳು. ಅಂದು ತೆಗೆದ ನೂರಾರು ಪಟಗಳಲ್ಲಿ ನಾವು ಮೊದಲು ತೋರಿಸುವುದು ಅದನ್ನೇ.

ಪಟವನ್ನು ಚೌಕಟ್ಟು ಹಾಕಿಸಿ ಕಳುಹಿಸಿದೆವು. ಅಜ್ಜಿ ಅದನ್ನು ಗೋಡೆಗೆ ತೂಗಗೊಡಲಿಲ್ಲವಂತೆ, "ನಿಮ್ಮ ತಾತನ ಪಕ್ಕಕ್ಕೆ ಈಗಲೇ ಯಾಕೆ?" ಎಂದು ನಕ್ಕು, ಸೀರೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರಂತೆ.

ಮನೆಯಲ್ಲಿ ಮದುವೆಯನ್ನು ಇಟ್ಟುಕೊಂಡಿರುವ ಗೃಹಸ್ಥರಲ್ಲಿ ನಮ್ಮದೊಂದು ಅರಿಕೆ. ಪಟ ತೆಗೆಯುವವನಿಗೆ ನಂಟರ ಪಟ್ಟಿಯನ್ನು ಕೊಡುವ ಮೊದಲು, ಬಾಗಿಲ ಪಕ್ಕೆಯಲ್ಲಿ ಯಾರು ನಿಂತಿದ್ದಾರೆಂದು ಒಮ್ಮೆ ನೋಡಿರಿ. ಅವರ ಹೆಸರನ್ನು ಮೊದಲು ಬರೆಯಿರಿ.